ಬೇವಿನ ಬುಡದ ಮೊರ

ಮುದ್ದೀರ ಮೊದಲ ಸಲ ಮನೆ ಬಿಟ್ಟು ನಡೆದದ್ದು ವರ್ಷತೊಡಕಿನ ದಿನ. ಯುಗಾದಿಯ ಮಾರನೇ ದಿನ. ಆ ದಿನ ಏನು ಮಾಡುತ್ತೀರೋ ವರ್ಷವೆಲ್ಲ ಅದನ್ನೇ ಮಾಡುತ್ತೀರಿ ಅಂತ ಬೆಳವನಕೊಪ್ಪಲಿನಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಆ ದಿನ ಯಾರೂ ಅಳುವುದಿಲ್ಲ, ಯಾರೂ ಜಗಳವಾಡುವುದಿಲ್ಲ, ಯಾರೂ ಹಸಿದುಕೊಂಡು ಇರುವುದಿಲ್ಲ. ನಮ್ಮ ಮುದ್ದೀರ ಆ ದಿನ ಮನೆ ಬಿಟ್ಟು ಹೋದ. ಇನ್ನು ಆ ವರ್ಷ ಹೇಗಿದ್ದೀತು, ನೀವೇ ಯೋಚನೆ ಮಾಡಿ.

ಸಿಟ್ಟು ಮಾಡಿಕೊಂಡು ಹೋದವನಲ್ಲ ಅವನು. ಅವನಿಗೆ ಸಿಟ್ಟೇ ಬರುತ್ತಿರಲಿಲ್ಲ. ಬಂದಿದ್ದರೂ ಯಾರ ಮೇಲೆ ಮಾಡಬೇಕು ಅಂತ ತಿಳಿಯುತ್ತಿರಲಿಲ್ಲ. ಅವ್ವ ಹೋಗು ಅಂದಳು, ಹೋದ. ಅಷ್ಟೆ.

ಅವ್ವ ದ್ಯಾವಮ್ಮ ಒಲೆ ಮುಂದೆ ಕೂತು ಬಾಡಿನ ಸಾರು ಕುದಿಸುತ್ತಿದ್ದಳು. ಗಂಡ ಹೋಗಿ ಹತ್ತು ವರ್ಷ. ಇರುವವನು ಇವನೊಬ್ಬನೇ ಮಗ, ಇಪ್ಪತ್ತಾರು ತುಂಬಿದವನು. ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ.

"ಅವ್ವ, ಕಲ್ಲುಪ್ಪು ಸಾರಲ್ಲಿ ಕರಗ್ತದಲ್ಲ?"

"ಹೂಂ."

"ಕಲ್ಲು ಯಾಕೆ ಕರಗಲ್ಲ?"

"ಸುಮ್ನಿರ್ಲಾ."

"ಉಪ್ಪಿಲ್ಲದ ಕಲ್ಲು ಹಾಕಿದ್ರೆ ಸಾರು ಸಪ್ಪೆ ಆಯ್ತದಾ?"

"ಏಯ್, ತಲೆ ತಿನ್ನಬೇಡ! ಎದ್ದು ಹೋಗತ್ಲಾಗೆ!"

"ಎಲ್ಲಿಗವ್ವ?"

ದ್ಯಾವಮ್ಮ ಸೌಟು ಎತ್ತಿ ಹಿತ್ತಲ ಕಡೆ ತೋರಿಸಿದಳು. ತಿಪ್ಪೆ ಮೇಲೆ ಒಂದು ಕಾಗೆ ಮೂಳೆ ಕಚ್ಚಿಕೊಂಡು ರೆಕ್ಕೆ ಬಿಚ್ಚುತ್ತಿತ್ತು.

"ಆ ಕಾಗೆ ಎಲ್ಲಿಗೆ ಹೋಯ್ತದೋ ಅಲ್ಲಿಗೆ ಹೋಗು!"

ಮುದ್ದೀರ ಹೂಂ ಅಂದ. ಅವನು ಹೂಂ ಅಂದ ಅಂದರೆ ಮುಗೀತು.

ಕಾಗೆ ಕೆರೆ ಏರಿ ಮೇಲೆ ಕೂತಿತು, ಇವನೂ ಕೂತ. ಕಾಗೆ ಈಚಲ ವನಕ್ಕೆ ಹಾರಿತು, ಇವನೂ ಓಡಿದ. ಕಾಗೆ ಆಚೆ ಊರಿನ ಯಾರದೋ ಮನೆ ಹೆಂಚಿನ ಮೇಲೆ ಇಳಿಯಿತು. ಇವನು ಆ ಮನೆ ಸೂರಿನ ಕೆಳಗೆ ನಿಂತು ಮೇಲೆ ನೋಡುತ್ತಿದ್ದ. ಮನೆಯವರು ಹೆಂಚು ಕದಿಯೋಕೆ ಬಂದವನು ಅಂದುಕೊಂಡರು. ಹೊತ್ತು ಇಳಿಯಿತು. ಕಾಗೆ ಮತ್ತೆ ಹಾರಿತು, ಕೆರೆ ದಾಟಿತು, ಬೆಳವನಕೊಪ್ಪಲಿಗೆ ಬಂತು, ದ್ಯಾವಮ್ಮನ ಹಿತ್ತಲ ಬೇವಿನ ಮರದಲ್ಲೇ ಕೂತು ಕಣ್ಣು ಮುಚ್ಚಿತು. ಮುದ್ದೀರ ಕಾಲು ತೊಳೆದುಕೊಂಡು ಒಳಗೆ ಬಂದ.

ಅಷ್ಟರಲ್ಲಿ ದ್ಯಾವಮ್ಮ ಊರ ಬಾವಿಗಳನ್ನೆಲ್ಲ ಇಣುಕಿ ನೋಡಿ ಬಂದಿದ್ದಳು. ಎದುರು ಕಂಡ ಮಗನ ಬೆನ್ನಿಗೆ ನಾಲ್ಕು ಗುದ್ದಿದಳು. ಆಮೇಲೆ ಅದೇ ಬೆನ್ನು ಸವರಿದಳು.

"ಎಲ್ಲಿಗ್ಲಾ ಹೋಗಿದ್ದೆ?"

"ಇಲ್ಲಿಗೇ ಕಣವ್ವ. ಕಾಗೆ ಇಲ್ಲಿಗೇ ಬಂತು. ಸುತ್ತು ಹಾಕ್ಕೊಂಡು ಬಂತು, ಅಷ್ಟೆ."

ಅಲ್ಲಿಂದ ಶುರುವಾಯಿತು. ಯಾರಾದರೂ ಹೋಗು ಅಂದರೆ ಸಾಕು, ಹೊರಟ. ಬಸ್ಸಿನಲ್ಲಿ ಕಂಡಕ್ಟರ್ "ಮುಂದೆ ಹೋಗಿ, ಮುಂದೆ ಹೋಗಿ" ಅಂದ. ಇವನು ಮುಂದೆ ಮುಂದೆ ಹೋದ, ಮುಂದಿನ ಬಾಗಿಲಲ್ಲಿ ಇಳಿದ, ಇನ್ನೂ ಮುಂದೆ ಹೋದ. ಮೂರು ದಿನವಾದ ಮೇಲೆ ಸಿಕ್ಕಿದ. ಗೌರಿ ಹಬ್ಬದ ಹೊತ್ತಿಗೆ ಏಳು ಸಲ ಹೋಗಿ ಏಳು ಸಲ ಬಂದಿದ್ದ. ಎಂಟನೇ ಸಲ ಬರದಿದ್ದರೆ? ದ್ಯಾವಮ್ಮನಿಗೆ ಅನ್ನ ಇಳಿಯುತ್ತಿರಲಿಲ್ಲ. ಮಗ ಬುದ್ಧಿವಂತನಾಗಲಿ ಅಂತ ದೇವರನ್ನು ಕೇಳುವುದನ್ನು ಅವಳು ಎಂದೋ ಬಿಟ್ಟಿದ್ದಳು. ಕಣ್ಣಳತೆಯಲ್ಲಿ ಇರಲಿ, ಅಷ್ಟು ಸಾಕು.

ಕಡೆಗೆ ಒಂದು ಉಪಾಯ ಹೊಳೆಯಿತು. ಬೇವಿನ ಬುಡದ ಚಪ್ಪಡಿ ಕಲ್ಲಿನ ಮೇಲೆ ಒಂದು ಹಳೇ ಮೊರ ಇಟ್ಟಳು. ನವಣೆ, ನುಚ್ಚು, ಒಂದು ಹಿಡಿ ರಾಗಿ ಹಾಕಿದಳು. ಪಕ್ಕದಲ್ಲಿ ಒಡಕು ಮಡಕೆಯಲ್ಲಿ ನೀರು.

"ಮಗ, ಇವತ್ತಿಂದ ಹಕ್ಕಿಗೆ ಕಾಳು ಹಾಕೋದು ನಿನ್ನ ಕೆಲಸ. ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ. ಒಂದು ಹೊತ್ತೂ ತಪ್ಪಿಸಬಾರದು. ತಪ್ಪಿಸಿದ್ರೆ ಹಸಿದ ಹಕ್ಕಿ ಉಸಿರು ತಟ್ತದೆ."

ಬೆಳಿಗ್ಗೆ ಹಾಕಿದವನು ಸಾಯಂಕಾಲ ಹಾಕೋಕೆ ಇರಲೇಬೇಕು. ಸಾಯಂಕಾಲ ಹಾಕಿದವನು ಬೆಳಿಗ್ಗೆ ಹಾಕೋಕೆ ಇರಲೇಬೇಕು. ಇನ್ನೆಲ್ಲಿಗೆ ಹೋಗ್ತಾನೆ? ದ್ಯಾವಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಮುದ್ದೀರ ಹೂಂ ಅಂದ.

ಮೊದಲ ದಿನ ಗುಬ್ಬಿಗಳು ಬಂದವು. ಗೊರವಂಕ ಬಂದವು, ಗುಬ್ಬಿಗಳು ಸರಿದವು. ಗಿಳಿ ಬಂದವು, ಗೊರವಂಕ ಬಯ್ದವು. ಆಮೇಲೆ ಕಾಗೆ ಬಂತು. ಎಲ್ಲವೂ ಎದ್ದವು. ಕಾಗೆ ಮೊರದ ನಡುವೆ ಯಜಮಾನನ ಥರ ನಿಂತು ಒಂದು ಕಾಳು ತಿಂದು ಹತ್ತು ಕಾಳು ಒದ್ದಿತು. ಮುದ್ದೀರ ಬಾಯಿ ಬಿಟ್ಟು ನೋಡಿದ. ಮೊರದ ತುಂಬ ಕಾಳಿದೆ, ಮರದ ತುಂಬ ಹಸಿವಿದೆ. ಎರಡೂ ಸೇರೋಕೆ ಏನು ಕಷ್ಟ? ಅವನಿಗೆ ತಿಳಿಯಲಿಲ್ಲ.

ದ್ಯಾವಮ್ಮ ಬಂದು ನೋಡಿದಳು. "ಏನ್ಲಾ, ಎಲ್ಲಾ ಕಾಗೆ ತಿಂತಾ ಅದೆ, ನೀನು ಕೂತಿದ್ದೀಯ!"

"ಹಾಕು ಅಂದೆ, ಹಾಕ್ದೆ. ಯಾರು ತಿನ್ನಬೇಕು ಅಂತ ನೀನು ಹೇಳಲಿಲ್ಲ."

"ಅಯ್ಯೋ ನನ್ನ ಕರ್ಮವೇ! ಕರೀದು ಬಂದ್ರೆ ಓಡಿಸಬೇಕು ಕಣೋ ಮಂಕೆ!"

ಮುದ್ದೀರ ಹೂಂ ಅಂದ.

ಮಾರನೇ ದಿನ ಬೇವಿನ ಕಡ್ಡಿ ಮುರಿದು, ಎಲೆ ಸವರಿ, ಆ ಬರಲು ಹಿಡಿದು ಕಾವಲು ಕೂತ. ಕಾಗೆ ಬಂತು, ಓಡಿಸಿದ. ಕಾಜಾಣ ಬಂತು, ಅದು ಕಾಳೇ ತಿನ್ನುವುದಿಲ್ಲ, ಹುಳ ಹುಡುಕುತ್ತಿತ್ತು, ಓಡಿಸಿದ. ತಮ್ಮದೇ ಮನೆ ಕರೀ ಹುಂಜ ಬಂತು, ಕೆರೆವರೆಗೂ ಓಡಿಸಿದ. ಆಮೇಲೆ ಜಿನುಗು ಮಳೆ ಹಿಡಿಯಿತು. ಹಿತ್ತಲ ಬೇಲಿ ದಾಟಿ ಇನ್ನೊಂದು ಕರೀದು ಬಂತು, ದೊಡ್ಡದು. ಮುದ್ದೀರ ಬರಲು ಎತ್ತಿದ.

"ಅಯ್ಯಯ್ಯೋ! ನಾನು ಕಣ್ಲಾ, ನಾನು!"

ಅದು ಸೋದರಮಾವ ತಿಮ್ಮಯ್ಯ. ಮಳೆಗೆ ಕರೀ ಕಂಬಳಿ ಗೊಪ್ಪೆ ಹಾಕಿಕೊಂಡು ಅಕ್ಕನ ಮನೆಗೆ ಬರುತ್ತಿದ್ದ.

"ನೀನು ಅಂತ ಗೊತ್ತು ಮಾವ. ಆದ್ರೆ ಕರೀದು."

"ಕಂಬಳಿ ಕಣೋ ಕರೀದು!"

"ಹಂಗಾದ್ರೆ ಕಂಬಳಿ ಓಡಲಿ, ನೀನು ಇರು."

ಕಂಬಳಿ ಒಂದೇ ಓಡುವುದು ಹೇಗೆ? ತಿಮ್ಮಯ್ಯನೂ ಅದರ ಜೊತೆಗೆ ಓಡಬೇಕಾಯಿತು. ಬೀದಿ ಬಾಗಿಲಿಂದ ಒಳಗೆ ಬಂದು, ಬೆನ್ನು ನೀವಿಕೊಳ್ಳುತ್ತ, "ಅಕ್ಕ, ನಿನ್ನ ಮಗ ನನ್ನನ್ನ ಹಕ್ಕಿ ಮಾಡ್ಬಿಟ್ಟ" ಅಂದ.

ದ್ಯಾವಮ್ಮ ಹಿತ್ತಲಿಗೆ ನುಗ್ಗಿದಳು. "ಬಣ್ಣ ನೋಡ್ತಾರೇನೋ! ನಡತೆ ನೋಡಬೇಕು! ಕಿತ್ತಾಡೋರನ್ನ ಓಡಿಸು, ಸುಮ್ನೆ ತಿನ್ನೋರನ್ನ ಬಿಡು!"

"ಇದನ್ನ ನೆನ್ನೇನೇ ಹೇಳಿದ್ರೆ ಮಾವನಿಗೆ ಒದೆ ತಪ್ತಿತ್ತು" ಅಂದ ಮುದ್ದೀರ. ಆಮೇಲೆ ಹೂಂ ಅಂದ.

ಮೂರನೇ ದಿನ ಹರಟೆಮಲ್ಲ ಹಕ್ಕಿಗಳು ಬಂದವು. ಏಳು ಜನ. ಅವು ಜಗಳ ಆಡುತ್ತಾವೋ ಮಾತಾಡುತ್ತಾವೋ ಅವಕ್ಕೇ ಗೊತ್ತಿಲ್ಲ. ಮುದ್ದೀರ ಓಡಿಸಿದ. ಗುಬ್ಬಿ ಗುಬ್ಬಿಯನ್ನು ಕುಕ್ಕಿತು, ಎರಡನ್ನೂ ಓಡಿಸಿದ. ಗಿಳಿ ಗೊರವಂಕನಿಗೆ ಏನೋ ಅಂದಿತು, ಗೊರವಂಕ ತಿರುಗಿಸಿ ಏನೋ ಅಂದಿತು, ಇಬ್ಬರನ್ನೂ ಓಡಿಸಿದ. ಹಿತ್ತಲು ನಿಶ್ಶಬ್ದವಾಯಿತು. ಆಗ ಪಕ್ಕದ ಮನೆ ನಿಂಗಾಜಮ್ಮನ ಆಡು ಬೇಲಿ ಸಂದಿಯಿಂದ ಬಂದು ಮೊರಕ್ಕೆ ಬಾಯಿಟ್ಟಿತು. ಒಂದು ಮಾತಿಲ್ಲ. ಒಂದು ಜಗಳವಿಲ್ಲ. ತಲೆ ತಗ್ಗಿಸಿ ತಿಂದಿತು. ಮುದ್ದೀರನಿಗೆ ಕಣ್ಣು ತುಂಬಿ ಬಂತು. ಇನ್ನೊಂದು ಸೇರು ತಂದು ಹಾಕಿದ.

ನಿಂಗಾಜಮ್ಮ ಆಡು ಹುಡುಕಿಕೊಂಡು ಬಂದಳು. "ಏಯ್ ಮನೆಹಾಳು ಆಡೇ! ಇಲ್ಲಿದ್ದೀಯೇನೇ! ಊರೆಲ್ಲ ಹುಡುಕ್ದೆ, ನಿನ್ನ ಕಾಲು ಮುರಿಯಾ!"

ಕಿತ್ತಾಡೋರು ಬಂದರು. ಮುದ್ದೀರ ಬರಲು ಎತ್ತಿದ. ನಿಂಗಾಜಮ್ಮ ಮುಂದೆ, ಬರಲು ಹಿಂದೆ.

ಆಡು ತಿನ್ನುತ್ತಲೇ ಇತ್ತು.

"ಏನು ಸಂಭಾವಿತ ಆಡು ಕಣವ್ವ!" ಅಂದ ಸಾಯಂಕಾಲ. "ಗುಬ್ಬಿಗಳು ಅದನ್ನ ನೋಡಿ ಕಲೀಬೇಕು."

ದ್ಯಾವಮ್ಮ ಹಣೆ ಚಚ್ಚಿಕೊಂಡಳು. "ನಾಲ್ಕು ಕಾಲಿನದಕ್ಕೆ ಯಾರೋ ಹಾಕು ಅಂದೋರು! ಎರಡು ಕಾಲಿದ್ರೆ ಹಾಕು! ನಾಲ್ಕು ಕಾಲಿದ್ರೆ ಓಡಿಸು! ಕಾಲು ಎಣಿಸೋಕೆ ಬರ್ತದಲ್ಲ?"

"ನಾಲ್ಕರವರೆಗೆ ಬರ್ತದೆ" ಅಂದ ಮುದ್ದೀರ, ಹೆಮ್ಮೆಯಿಂದ. ಹೂಂ ಅಂದ.

ನಾಲ್ಕನೇ ದಿನ ಬೆಳಿಗ್ಗೆಯೇ ಅಳಿಲು ಬಂತು. ಓಡುತ್ತ ಬಂತು. ಎಣಿಸಿದ, ನಾಲ್ಕು ಕಾಲು. ಬರಲು ಎತ್ತಿದ. ಅಳಿಲು ನಿಂತು, ಹಿಂಗಾಲ ಮೇಲೆ ಕೂತು, ಒಂದು ಕಾಳನ್ನು ಎರಡು ಕೈಯಲ್ಲಿ ಹಿಡಿದು ತಿಂದಿತು. ಎಣಿಸಿದ, ಎರಡು ಕಾಲು, ಎರಡು ಕೈ. ಬರಲು ಇಳಿಸಿ ಕಾಳು ಹಾಕಿದ. ಅಳಿಲು ಓಡಿತು, ನಾಲ್ಕು ಕಾಲು, ಓಡಿಸಿದ. ಕೂತಿತು, ಎರಡು ಕಾಲು, ಹಾಕಿದ. ಓಡಿತು, ಓಡಿಸಿದ. ಕೂತಿತು, ಹಾಕಿದ. ಮಧ್ಯಾಹ್ನದ ಹೊತ್ತಿಗೆ ಅಳಿಲಿಗೆ ಹೊಟ್ಟೆ ಬಿರಿಯಿತು, ಮುದ್ದೀರನಿಗೆ ತಲೆ ತಿರುಗಿತು.

ಆಗ ನಿಂಗಾಜಮ್ಮ ಬಂದಳು. ನೆನ್ನೆಯ ಬರಲಿನ ಉರಿ ಇನ್ನೂ ಆರಿರಲಿಲ್ಲ. ಹಿಂದೆ ಒಂಬತ್ತು ಕೋಳಿ, ಕಂಕುಳಲ್ಲಿ ಒಂದು ಕುಕ್ಕೆ. ಕಾಳು ಕದಿಯೋಕೆ ಬಂದವಳು ಮುದ್ದೀರನನ್ನು ಕಂಡು ಗಕ್ಕನೆ ನಿಂತಳು. ಮುದ್ದೀರ ಕಾಲು ನೋಡಿದ. ಎರಡು. ಕೋಳಿ ಕಾಲು ನೋಡಿದ. ಎರಡು, ಎರಡು, ಎರಡು.

"ಬನ್ನಿ ನಿಂಗಾಜಮ್ಮಾರೆ! ನಿಮ್ಮಂಥೋರಿಗೇ ಕಾಯ್ತಾ ಇದ್ದೆ!"

ಮೊರದಲ್ಲಿ ಇದ್ದದ್ದನ್ನೆಲ್ಲ ಕುಕ್ಕೆಗೆ ಸುರಿದ. ಒಳಗೆ ಹೋಗಿ ಕಾಳಿನ ಗಡಿಗೆ ತಂದು ಅದನ್ನೂ ಸುರಿದ. ಅವಳ ಮನೆ ಬಾಗಿಲವರೆಗೆ ಹೊತ್ತುಕೊಂಡು ಹೋಗಿ ಇಳಿಸಿ ಬಂದ. ಮರದ ಮೇಲಿನ ಗುಬ್ಬಿಗಳು ಆ ದಿನ ಬರೀ ಸಿಪ್ಪೆ ಕುಕ್ಕಿದವು.

"ಬೆಳಿಗ್ಗೆ ಎದ್ದು ಯಾರ ಮುಖ ನೋಡಿದ್ನೋ!" ಅಂತ ದ್ಯಾವಮ್ಮ ಖಾಲಿ ಗಡಿಗೆ ಮುಂದೆ ಕೂತಳು.

"ನನ್ನ ಮುಖ ಕಣವ್ವ. ದಿನಾ ನನ್ನದೇ ಅಲ್ವಾ ನೋಡೋದು."

ನಗು ಬಂತು ಅವಳಿಗೆ. ಅಳು ಬರಬೇಕಾದ ಜಾಗದಲ್ಲಿ ನಗು ಬಂದರೆ ಬುದ್ಧಿ ಹೇಳುವವರ ಬಾಯಿ ಜಾರುತ್ತದೆ. "ನೋಡು ಮಗ, ಒಬ್ಬರಿಗೇ ಸುರೀಬಾರದು. ಎಲ್ಲರಿಗೂ ಸಮ ಸಿಗಬೇಕು. ಮದುವೆ ಮನೇಲಿ ಹೆಂಗೆ ಮಾಡ್ತಾರೆ? ಹಂಗೆ ಮಾಡು" ಅಂದುಬಿಟ್ಟಳು.

ಹೂಂ ಅಂದ.

ಐದನೇ ದಿನ ಹಿತ್ತಲಿನಲ್ಲಿ ಮದುವೆ ಮನೆ. ಸಗಣಿ ಸಾರಿಸಿದ ನೆಲ. ಹನ್ನೆರಡು ಬಾಳೆ ಎಲೆ, ಒಂದೇ ಸಾಲು, ಎಲ್ಲದರ ತುದಿ ಎಡಕ್ಕೆ. ಎಲೆಗೆ ನೀರು ಚಿಮುಕಿಸಿ ಒರೆಸಿದ. ಮೂಲೆಗೆ ಚಿಟಿಕೆ ಉಪ್ಪು. ಆಮೇಲೆ ನವಣೆ, ಆಮೇಲೆ ನುಚ್ಚು. ಟವೆಲ್ಲು ಸೊಂಟಕ್ಕೆ ಸುತ್ತಿಕೊಂಡು ಮರದ ಕಡೆ ಕೈಮುಗಿದ.

"ಎಲ್ಲರೂ ಬರಬೇಕು! ಪಂಕ್ತಿ ಬಿಡ್ತಾ ಇದ್ದೀವಿ!"

ಗುಬ್ಬಿ ಇಳಿದು ಮೊದಲ ಎಲೆಗೇ ಕೊಕ್ಕು ಹಾಕಿತು.

"ಏಯ್! ಬಡಿಸಿ ಆಗಿಲ್ಲ ಇನ್ನೂ! ಎಲ್ಲರಿಗೂ ಬೀಳೋವರೆಗೂ ಎಲೆ ಮುಟ್ಟಬಾರದು, ನಿಮ್ಮ ಮನೇಲಿ ಹೇಳಿಕೊಟ್ಟಿಲ್ವಾ?"

ಗುಬ್ಬಿ ಹಾರಿತು. ಕಾಗೆ ಬಂದು ಎರಡು ಎಲೆ ಮೇಲೆ ಒಂದೊಂದು ಕಾಲಿಟ್ಟು ನಿಂತಿತು.

"ಒಬ್ಬರಿಗೆ ಒಂದೇ ಎಲೆ ಯಜಮಾನರೇ!"

ಕಾಗೆಯೂ ಹಾರಿತು. ಗಿಳಿ, ಗೊರವಂಕ, ಬೆಳವ, ಎಲ್ಲರನ್ನೂ ಬೇಡಿಕೊಂಡ, ಎಲ್ಲರನ್ನೂ ಗದರಿಕೊಂಡ. ಹನ್ನೊಂದು ಜನ ಹೇಗೋ ಕೊಂಬೆ ಮೇಲೆ ಸಾಲಾಗಿ ಕೂತು ಕಾಯುತ್ತಿದ್ದರು ಅಂತ ಅವನ ಲೆಕ್ಕ. ನಾಲ್ಕರ ಮೇಲೆ ಎಣಿಸೋಕೆ ಬಾರದವನ ಲೆಕ್ಕ. ಕೋಗಿಲೆ ಮಾತ್ರ ಎಲ್ಲೋ ಆಚೆ ಕೂಗುತ್ತಿತ್ತು, ಇಳಿಯಲಿಲ್ಲ. ಒಂದು ಎಲೆ ಖಾಲಿ. ಪಂಕ್ತಿಯಲ್ಲಿ ಒಂದು ಎಲೆ ಖಾಲಿ ಇಟ್ಟುಕೊಂಡು ಊಟ ಶುರು ಮಾಡೋಕಾಗುತ್ತದೆಯೇ? ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ, ಮುನಿಸಿಕೊಂಡ ಬೀಗರನ್ನು ಬಿಟ್ಟು ಉಂಡರೆ ಮದುವೆ ಮುರಿಯುತ್ತದೆ. ಮುದ್ದೀರ ಬರಲು ಬೀಸುತ್ತ, ಯಾರಿಗೂ ಎಲೆ ಮುಟ್ಟಲು ಬಿಡದೆ, ಕೋಗಿಲೆ ಬರುವ ದಾರಿ ಕಾಯುತ್ತ ನಿಂತ. ಬಿಸಿಲು ನೆತ್ತಿಗೆ ಬಂತು. ಎಲೆ ಬಾಡಿದವು. ಇರುವೆಗಳು ಮಾತ್ರ ಕರೆಯದೆ ಬಂದು, ಸಾಲಾಗಿ ಕೂತು, ಸಾಲಾಗಿ ಎದ್ದು ಹೋದವು.

"ಏನ್ಲಾ ಇದು!"

"ಕೋಗಿಲೆಯೋರು ಬಂದಿಲ್ಲ ಕಣವ್ವ. ನೀನು ಹೋಗಿ ಒಂದು ಮಾತು ಹೇಳು. ಹೆಂಗಸರು ಕರೆದ್ರೆ ಬಂದಾರು."

ದ್ಯಾವಮ್ಮ ಬಾಡಿದ ಎಲೆಯ ಪಕ್ಕ ಕೂತೇಬಿಟ್ಟಳು. "ಅಯ್ಯೋ ನನ್ನ ಕರ್ಮವೇ! ಕೇಳು, ಇದೇ ಕಡೇ ಮಾತು. ನೀನು ಏನೂ ಮಾಡಬೇಡ. ಕಾಳು ಹಾಕು, ಕೂತ್ಕೊ, ನೋಡು. ಮೊರಕ್ಕೆ ಬಂದೋರೆಲ್ಲ ನಮ್ಮೋರು, ಅವರನ್ನ ಓಡಿಸಬೇಡ. ಮೊರಕ್ಕೆ ಬರದೋರ ಗೊಡವೆ ನಮಗೆ ಬೇಡ. ಮೊರ ಮಾತ್ರ ಈ ಬೇವಿನ ಬುಡ ಬಿಟ್ಟು ಅಲ್ಲಾಡಬಾರದು. ಹಕ್ಕಿ ಗುರುತು ಇಟ್ಟಿರೋದು ಇದನ್ನೇ. ತಿಳೀತಾ?"

"ಓಡಿಸೋದು ಬೇಡ?"

"ಬೇಡ."

"ಕರೆಯೋದು?"

"ಬೇಡ್ವೋ!"

"ನನಗೇನು ಕೆಲಸ ಹಂಗಾದ್ರೆ?"

"ಇರೋದು. ಇಲ್ಲೇ ಇರೋದೇ ನಿನ್ನ ಕೆಲಸ."

ಇಂಥ ಕೆಲಸ ಇದೆ ಅಂತ ಮುದ್ದೀರ ಕೇಳಿರಲಿಲ್ಲ. ಹೂಂ ಅಂದ.

ಆಮೇಲೆ ಎರಡು ತಿಂಗಳು ಮುದ್ದೀರ ಕೂತಿದ್ದ. ಮಳೆ ಬಂದು ಸೌದೆ ನೆನೆಯಿತು, ಕೂತಿದ್ದ. ಕರು ಹಗ್ಗ ಬಿಚ್ಚಿಕೊಂಡು ಹಾಲೆಲ್ಲ ಕುಡಿಯಿತು, ಕೂತಿದ್ದ. ಹಕ್ಕಿಗಳು ಬಂದವು, ತಳ್ಳಾಡಿದವು, ತಿಂದವು. ಗಿಳಿಗೆ ಕಾಗೆ ಭಯ, ಕಾಗೆಗೆ ಕಾಜಾಣದ ಭಯ. ಹಿಡಿ ಗಾತ್ರದ ಕಾಜಾಣ ಕಾಗೆಯ ಬಾಲ ಕಚ್ಚಿ ಓಡಿಸುತ್ತಿತ್ತು, ಓಡಿಸಿ ತಾನು ಒಂದು ಕಾಳೂ ತಿನ್ನುತ್ತಿರಲಿಲ್ಲ. ತಿನ್ನದವನಿಗೆ ಯಾಕೆ ಬೇಕಿತ್ತು ಪಂಚಾಯಿತಿ? ಎಲ್ಲರೂ ಬಡಿದಾಡುವಾಗ ಒಂದು ಕುಂಟು ಗುಬ್ಬಿ ಮೊರದ ಕೆಳಗೆ ಬಿದ್ದದ್ದನ್ನು ಆಯ್ದುಕೊಂಡು ಎಲ್ಲರಿಗಿಂತ ಮೊದಲು ಹೊಟ್ಟೆ ತುಂಬಿಸಿಕೊಂಡು ಹೋಗುತ್ತಿತ್ತು. ಹಂಗಾದರೆ ಗೆದ್ದವರು ಯಾರು? ಮುದ್ದೀರ ದಿನವೂ ನೋಡಿದ, ದಿನವೂ ತಿಳಿಯಲಿಲ್ಲ. ತಿಳಿಯಲಿಲ್ಲ ಅಂತಲೇ ನಾಳೆ ಮತ್ತೆ ನೋಡಬೇಕಾಗಿತ್ತು.

ದ್ಯಾವಮ್ಮ ಹೊಟ್ಟೆ ತುಂಬ ಉಂಡಳು. ವರ್ಷತೊಡಕಿನ ತೊಡಕು ಬಿಟ್ಟಿತು ಅಂತ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ದೀಪಾವಳಿ ಕಳೆಯಿತು. ಊರ ಸುತ್ತ ರಾಗಿ ತೆನೆ ಬಲಿತು ಬಾಗಿತು. ಒಂದು ಬೆಳಿಗ್ಗೆ ಮೊರಕ್ಕೆ ಒಂದು ಹಕ್ಕಿಯೂ ಬರಲಿಲ್ಲ. ಸಾಯಂಕಾಲವೂ ಬರಲಿಲ್ಲ. ಮಾರನೇ ಬೆಳಿಗ್ಗೆಯೂ ಇಲ್ಲ. ಕುಂಟು ಗುಬ್ಬಿಯೂ ಇಲ್ಲ.

ಮುದ್ದೀರ ಗಾಬರಿಯಾಗಿ ಒಳಗೆ ಬಂದ. "ಅವ್ವ, ಮೂರು ಹೊತ್ತು ತಪ್ಪಿತು. ಎಲ್ಲಾ ಹಸಿದುಕೊಂಡು ಎಲ್ಲಿಗೋ ಹೋದವು."

"ಹಸಿವೆಲ್ಲಿ ಬಂತೋ. ಹೊಲದಲ್ಲಿ ರಾಗಿ ತಿಂತಾ ಕೂತಿರ್ತವೆ."

"ಅಲ್ಲಿ ಯಾರು ಹಾಕ್ತಾರೆ?"

"ಯಾರೂ ಹಾಕಲ್ಲ."

"ಯಾರೂ ಹಾಕದೆ ಹೆಂಗೆ ತಿಂತವೆ? ಉಸಿರು ತಟ್ತದೆ ಅಂದಿದ್ಯಲ್ಲವ್ವ! ಹಕ್ಕಿ ಎಲ್ಲಿ ಅವೆಯೋ ಅಲ್ಲಿಗೇ ಹೋಗಿ ಹಾಕಬೇಕು. ನಾನು ಹೊರಟೆ!"

ದ್ಯಾವಮ್ಮ ಮಗನ ತೋಳು ಹಿಡಿದಳು. ಕಟ್ಟಿಹಾಕೋಕೆ ತಂದ ಹಗ್ಗವೇ ಎಳೆದುಕೊಂಡು ಹೋಗುತ್ತಿದೆ. "ಬೇಡ ಮಗ" ಅಂದಳು. "ಬರ್ತವೆ, ತಾವಾಗೇ ಬರ್ತವೆ" ಅಂದಳು. ಅವನಾಗಲೇ ನವಣೆ ಗಂಟು ಕಟ್ಟುತ್ತಿದ್ದ. ನುಚ್ಚಿನ ಗಂಟು, ನೀರಿನ ಮಡಕೆ, ಎರಡು ರಾಗಿಮುದ್ದೆ, ಒಂದು ಕಂಬಳಿ. ಕಡೆಗೆ ಮೊರ ಎತ್ತಲು ಬಗ್ಗಿದ. ಬಗ್ಗಿದವನು ಹಾಗೇ ನಿಂತ.

ಮೊರ ಬೇವಿನ ಬುಡ ಬಿಟ್ಟು ಅಲ್ಲಾಡಬಾರದು.

ಕೈ ಹಿಂದಕ್ಕೆ ತೆಗೆದ. ಮತ್ತೆ ಚಾಚಿದ. ಮತ್ತೆ ತೆಗೆದ. ಮೊರ ಇಲ್ಲದೆ ಹೋದರೆ ಹಕ್ಕಿಗೆ ಗುರುತು ಸಿಗಲ್ಲ. ಮೊರ ತಗೊಂಡು ಹೋದರೆ ಬುಡ ತಪ್ಪುತ್ತದೆ. ಹೋಗಬೇಕು, ಬಿಡಬಾರದು. ಬಿಡಬಾರದು, ಹೋಗಬೇಕು. ಚಪ್ಪಡಿ ಮೇಲೆ ಕೂತು ತಲೆ ಹಿಡಿದುಕೊಂಡ. ಬಾಗಿಲಲ್ಲಿ ದ್ಯಾವಮ್ಮ ನಿಂತು ನೋಡುತ್ತಿದ್ದಳು.

ಬಹಳ ಹೊತ್ತಾದ ಮೇಲೆ ಮುದ್ದೀರನ ಮುಖ ಅರಳಿತು. ಕೊಟ್ಟಿಗೆಗೆ ಹೋಗಿ ಗುದ್ದಲಿ ತಂದ. ಬೇವಿನ ಮರದ ಬುಡಕ್ಕೆ ಒಂದು ಏಟು ಹಾಕಿದ.

"ಏನ್ಲಾ ಮಾಡ್ತಿದ್ದೀಯ!"

"ಮೊರ ಬುಡ ಬಿಟ್ಟು ಹೋಗಬಾರದಲ್ವಾ? ಬುಡಾನೂ ಜೊತೇಲಿ ತಗೊಂಡು ಹೋಯ್ತೀನಿ."

ಅದು ಅಜ್ಜನ ಕಾಲದ ಮರ. ಮೂರು ಜನ ತಬ್ಬಿದರೂ ಕೈಗೆ ಕೈ ಸಿಗದು. ದ್ಯಾವಮ್ಮನ ನಾಲಗೆ ತುದಿಗೆ ಬಯ್ಗುಳ ಬಂದಿತ್ತು. ಮಂಕೆ ಅನ್ನಬೇಕು, ಕರ್ಮವೇ ಅನ್ನಬೇಕು. ಮರ ನೋಡಿದಳು. ಮಗನನ್ನು ನೋಡಿದಳು. ಮತ್ತೆ ಮರ ನೋಡಿದಳು. ಬಯ್ಗುಳವನ್ನು ನುಂಗಿಕೊಂಡಳು.

"ಸರಿ ಮಗ. ಅಗಿ" ಅಂದಳು. "ಆದ್ರೆ ಒಂದು ಮಾತು. ಮರ ಬಾಡಿದ್ರೆ ಹಕ್ಕಿಗೆ ಗುರುತು ಸಿಗಲ್ಲ. ಒಂದು ಬೇರೂ ಕಡೀಬಾರದು. ಕೂದಲೆಳೆ ಬೇರೂ ಹರೀಬಾರದು. ಪೂರಾ ಬಿಡಿಸಿಕೊಂಡು ಆಮೇಲೆ ಹೊರಡು."

ಮುದ್ದೀರ ಹೂಂ ಅಂದ. ಗುದ್ದಲಿ ನೋಡಿದ, ಬೇರು ನೋಡಿದ. "ಗುದ್ದಲೀಲಿ ಹರೀತದೆ ಕಣವ್ವ. ಸೌಟು ಕೊಡು."

ದ್ಯಾವಮ್ಮ ಒಳಗೆ ಹೋಗಿ ಇದ್ದದ್ದರಲ್ಲೇ ಚಿಕ್ಕ ಸೌಟು ಹುಡುಕಿ ತಂದುಕೊಟ್ಟಳು.

ಮುದ್ದೀರ ಕೂತು ಸೌಟಿನಲ್ಲಿ ಮಣ್ಣು ಕೆದಕತೊಡಗಿದ. ಪಕ್ಕದಲ್ಲಿ ಗಂಟುಗಳು ಕಟ್ಟಿ ಸಿದ್ಧವಾಗಿದ್ದವು. ಹೊತ್ತು ಇಳಿಯಿತು. ರಾಗಿ ಹೊಲಗಳಿಂದ ಹಕ್ಕಿಗಳು ಗುಂಪು ಗುಂಪಾಗಿ ಊರ ಕಡೆ ತಿರುಗಿದವು. ಗಿಳಿ ಬಂದವು, ಗೊರವಂಕ ಬಂದವು, ಕಾಗೆ ಬಂತು, ಎಲ್ಲ ಅದೇ ಬೇವಿನ ಕೊಂಬೆಗಳಲ್ಲಿ ಜಾಗಕ್ಕಾಗಿ ತಳ್ಳಾಡಿದವು. ಹೊಟ್ಟೆ ಬಿರಿಯುವಷ್ಟು ತಿಂದಿದ್ದವು, ಒಂದೂ ಮೊರದ ಕಡೆ ತಿರುಗಿ ನೋಡಲಿಲ್ಲ. ಕುಂಟು ಗುಬ್ಬಿ ಜಾಗ ಸಿಗದೆ ಕೆಳಗಿಳಿದು ನವಣೆ ಗಂಟಿನ ಮೇಲೆ ಕೂತು ರೆಕ್ಕೆ ಕೊಡವಿತು.

"ಹುಶ್! ಹುಶ್!" ಮುದ್ದೀರ ಸೌಟು ಎತ್ತಿ ಗದರಿದ. "ಎದ್ದು ಆಚೆ ಹೋಗಿ! ನಾನು ಹಕ್ಕಿ ಹುಡುಕ್ಕೊಂಡು ಹೊರಟಿದ್ದೀನಿ, ನೀವು ಬಂದು ಗಂಟಿನ ಮೇಲೆ ಕೂತ್ರೆ ಹೊರೋದು ಹೆಂಗೆ?"